ಭುಜದ ಕೀಲು ತಪ್ಪಿದರೆ ಆಪರೇಷನ್ ಆಗಲೇಬೇಕಾ?

ಪ್ರಶ್ನೆ: ನನಗೆ 34 ವರ್ಷ. 12 ದಿನಗಳ ಹಿಂದೆ ಮೆಟ್ಟಿಲು ಇಳಿಯುವಾಗ ಕಾಲು ಜಾರಿತು. ಬೀಳಬಾರದೆಂದು ಬಲಗೈಯಲ್ಲಿ ಕಂಬಿ ಹಿಡಿದುಕೊಂಡೆ. ಮೈ ಕೆಳಗೆ ಹೋಯಿತು, ಕೈ ಮಾತ್ರ ಮೇಲೇ ಉಳಿಯಿತು. ಭುಜದ ಕೀಲು ತಪ್ಪಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಅರಿವಳಿಕೆ ಕೊಡದೆ, ತೋಳನ್ನು ನೀವುತ್ತಾ, ಮಾತಾಡಿಸುತ್ತಾ ಕೀಲು ಕೂರಿಸಿದರು. ಮೂಳೆ ಮುರಿದಿಲ್ಲ ಅಂದರು. ಈಗ ಸ್ಲಿಂಗ್ ಹಾಕಿಕೊಂಡಿದ್ದೇನೆ. ನೋವು ಕಡಿಮೆಯಾಗಿದೆ, ಆದರೆ ತೋಳಿನ ಹೊರಬದಿಯಲ್ಲಿ ಅಂಗೈ ಅಗಲದ ಜಾಗ ಜೋಮು ಹಿಡಿದ ಹಾಗಿದೆ. ಒಬ್ಬ ಡಾಕ್ಟರು ಈಗಲೇ ಆಪರೇಷನ್ ಮಾಡಿಸಿಬಿಡಿ ಅಂದರು. ಇನ್ನೊಬ್ಬರು ಮೂರು ವಾರ ಕಟ್ಟಿಕೊಂಡಿದ್ದರೆ ಸಾಕು, ತಾನಾಗಿ ಸರಿಹೋಗುತ್ತದೆ ಅಂದರು. ಯಾರ ಮಾತು ಕೇಳಲಿ? ವಾರಕ್ಕೆ ಮೂರು ದಿನ ಈಜುತ್ತಿದ್ದೆ. ಮತ್ತೆ ಈಜಬಹುದಾ?

ಉತ್ತರ: ನೀವು ಬರೆದಿರುವಷ್ಟನ್ನು ನೋಡಿ ಹೇಳುವುದಾದರೆ, ಈಗಲೇ ಆಪರೇಷನ್‌ಗೆ ಓಡುವ ಅಗತ್ಯ ಕಾಣುತ್ತಿಲ್ಲ. ಹಾಗಂತ ಮೂರು ವಾರ ಕಟ್ಟಿಕೊಂಡಿದ್ದರೆ ಸಾಕು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಆಪರೇಷನ್ ಇಲ್ಲದೆ ಚಿಕಿತ್ಸೆ ಮಾಡುವುದು ಬೇರೆ, ಸುಮ್ನೆ ಬಿಟ್ಟುಬಿಡುವುದು ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡವರೇ ಆರು ತಿಂಗಳಾದ ಮೇಲೆ ಎರಡನೇ ಸಲ ಕೀಲು ತಪ್ಪಿಸಿಕೊಂಡು ಬರುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಆ ಜೋಮಿನ ವಿಷಯ. ಅದನ್ನು ನೀವು ಪತ್ರದ ನಡುವೆ ಸಣ್ಣದಾಗಿ ಹೇಳಿದ್ದೀರಿ, ನನ್ನ ಕಣ್ಣು ಮೊದಲು ಹೋಗಿದ್ದು ಅಲ್ಲಿಗೇ. ಭುಜದ ಕೀಲಿನ ಕೆಳಗೆ, ಕಂಕುಳಿನ ಹತ್ತಿರ, ಆಕ್ಸಿಲರಿ ಅನ್ನುವ ನರ ಮೂಳೆಯನ್ನು ಬಳಸಿಕೊಂಡು ಹೋಗುತ್ತದೆ. ಮೂಳೆಯ ತಲೆ ಮುಂದಕ್ಕೆ, ಕೆಳಕ್ಕೆ ಜಾರಿದಾಗ ಈ ನರ ಎಳೆದಂತಾಗುತ್ತದೆ. ತೋಳಿನ ಹೊರಬದಿಯ ಚರ್ಮದ ಸ್ಪರ್ಶ ತಿಳಿಸುವುದು ಅದೇ ನರ. ಭುಜಕ್ಕೆ ಆ ದುಂಡನೆಯ ಆಕಾರ ಕೊಡುವ ಡೆಲ್ಟಾಯ್ಡ್ ಸ್ನಾಯುವನ್ನು ನಡೆಸುವುದೂ ಅದೇ. ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಸ್ಲಿಂಗ್‌ನಲ್ಲಿ ಇರುವಂತೆಯೇ ಗೋಡೆಯ ಪಕ್ಕ ನಿಂತು, ಮೊಣಕೈಯನ್ನು ಹೊರಗಡೆಗೆ, ಗೋಡೆಯ ಕಡೆಗೆ ಮೆಲ್ಲಗೆ ಒತ್ತಿ. ಕೈ ಅಲುಗಾಡಬಾರದು, ಒತ್ತಡ ಮಾತ್ರ ಇರಲಿ. ಇನ್ನೊಂದು ಕೈಯ ಬೆರಳಿನಿಂದ ಭುಜದ ಸ್ನಾಯು ಮುಟ್ಟಿ ನೋಡಿ. ಅದು ಬೆರಳಿನಡಿ ಗಟ್ಟಿಯಾದರೆ ಒಳ್ಳೆಯ ಲಕ್ಷಣ, ನರ ಪೂರ್ತಿ ಕೆಲಸ ನಿಲ್ಲಿಸಿಲ್ಲ. ಗಟ್ಟಿಯಾಗದೆ ಮೆತ್ತಗೇ ಇದ್ದರೆ ನಿಮ್ಮ ಡಾಕ್ಟರಿಗೆ ಈ ವಾರವೇ ತಿಳಿಸಿ.

ಭಯ ಬೇಡ. ಇಂಥ ನರದ ಪೆಟ್ಟುಗಳಲ್ಲಿ ಹೆಚ್ಚಿನವು ಎಳೆತದಿಂದ ಆದವು, ತುಂಡಾದವಲ್ಲ. ವಾರಗಳಲ್ಲಿ ಅಥವಾ ಕೆಲವು ತಿಂಗಳಲ್ಲಿ ತಾವಾಗಿ ಚೇತರಿಸಿಕೊಳ್ಳುತ್ತವೆ. ಆದರೆ ಪೆಟ್ಟಾಗಿ ಮೂರು ನಾಲ್ಕು ವಾರವಾದರೂ ಸ್ನಾಯುವಿನಲ್ಲಿ ಚಲನೆಯೇ ಕಾಣದಿದ್ದರೆ ನರದ ಪರೀಕ್ಷೆ ಮಾಡಿಸಬೇಕಾಗುತ್ತದೆ. ಕೂರಿಸುವ ಮೊದಲೂ ಕೂರಿಸಿದ ಮೇಲೂ ಈ ಸ್ಪರ್ಶ ಹೇಗಿತ್ತು ಅಂತ ನಿಮ್ಮ ಕಾಗದಗಳಲ್ಲಿ ಬರೆದಿರಬೇಕು, ಒಮ್ಮೆ ನೋಡಿ. ಕೂರಿಸಿದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆದಿದ್ದಾರಾ ಅನ್ನುವುದನ್ನೂ ನೋಡಿ. ಕೀಲು ಸರಿಯಾಗಿ ಕೂತಿದೆಯಾ, ಮೊದಲ ಚಿತ್ರದಲ್ಲಿ ಕಾಣದ ಬಿರುಕೇನಾದರೂ ಇದೆಯಾ ಅಂತ ತಿಳಿಯಲು ಅದು ಬೇಕೇ ಬೇಕು.

ಅರಿವಳಿಕೆ ಕೊಡದೆ ಕೂರಿಸಿದರು ಅಂತ ಬರೆದಿದ್ದೀರಿ. ಅದು ಸರಿಯೋ ತಪ್ಪೋ ಅನ್ನುವ ಅನುಮಾನ ಆ ಮಾತಿನ ಹಿಂದೆ ಇದ್ದಂತಿದೆ. ತಪ್ಪಲ್ಲ. ನಿಮಗೆ ಒಳ್ಳೆಯ ಕೈ ಸಿಕ್ಕಿದೆ. ಕೀಲು ಕೂರಿಸಲು ಹತ್ತಾರು ವಿಧಾನಗಳಿವೆ. ಹಿಪೊಕ್ರಟೀಸನ ಕಾಲದ ವಿಧಾನದಲ್ಲಿ ವೈದ್ಯ ತನ್ನ ಹಿಮ್ಮಡಿಯನ್ನು ರೋಗಿಯ ಕಂಕುಳಿಗೆ ಕೊಟ್ಟು ಕೈ ಎಳೆಯುತ್ತಿದ್ದ. 1870ರಲ್ಲಿ ಸ್ವಿಟ್ಜರ್ಲೆಂಡಿನ ಕೋಖರ್ ತೋಳು ತಿರುಗಿಸಿ ಕೂರಿಸುವ ಕ್ರಮ ಬರೆದರು. ಥೈರಾಯ್ಡ್ ಗ್ರಂಥಿಯ ಕೆಲಸಕ್ಕಾಗಿ 1909ರಲ್ಲಿ ನೊಬೆಲ್ ಪಡೆದವರೂ ಇವರೇ. ರೋಗಿಯನ್ನು ಬೋರಲು ಮಲಗಿಸಿ, ಜೋತುಬಿಟ್ಟ ಕೈಗೆ ಭಾರ ಕಟ್ಟಿ, ಸ್ನಾಯು ತಾನಾಗಿ ಸಡಿಲವಾಗುವ ತನಕ ಕಾಯುವ ಸ್ಟಿಮ್ಸನ್ ವಿಧಾನವೂ ಇದೆ. ನಿಮಗೆ ಮಾಡಿದ್ದು ಬಹುಶಃ ಕನಿಂಗ್‌ಹ್ಯಾಮ್ ವಿಧಾನ ಇರಬೇಕು. ಆಸ್ಟ್ರೇಲಿಯಾದ ಕನಿಂಗ್‌ಹ್ಯಾಮ್ ಇದನ್ನು 2003ರಲ್ಲಿ ಪ್ರಕಟಿಸಿದರು. ಅದರಲ್ಲಿ ಎಳೆದಾಟವೇ ಇಲ್ಲ. ರೋಗಿಯನ್ನು ನೆಟ್ಟಗೆ ಕೂರಿಸಿ, ಬೆನ್ನು ನೇರ ಮಾಡಿಸಿ, ಬಿಗಿದುಕೊಂಡ ಸ್ನಾಯುಗಳನ್ನು ನೀವಿ ನೀವಿ ಸಡಿಲಿಸುತ್ತಾರೆ. ಸ್ನಾಯು ಹಿಡಿತ ಬಿಟ್ಟ ಕ್ಷಣ ಮೂಳೆ ತನ್ನ ಜಾಗಕ್ಕೆ ಜಾರಿಕೊಳ್ಳುತ್ತದೆ. ಹಾಗೆ ಆಗದಿದ್ದರೆ ಕೀಲಿನೊಳಗೆ ಮರಗಟ್ಟಿಸುವ ಔಷಧ ಚುಚ್ಚಿ ಅಥವಾ ಮಂಪರು ಬರುವ ಔಷಧ ಕೊಟ್ಟು ಕೂರಿಸುತ್ತಾರೆ. ಭುಜವನ್ನು ಹೊರಗಿಟ್ಟಿರುವುದು ಬಿಗಿದ ಸ್ನಾಯು. ಬಲದಿಂದ ಎಳೆದಷ್ಟೂ ಅದು ಇನ್ನೂ ಬಿಗಿಯುತ್ತದೆ.

ಇದೇ ಕಾರಣಕ್ಕೆ ಆಟದ ಮೈದಾನದಲ್ಲಿ ಗೆಳೆಯರು ಕೈ ಹಿಡಿದು ಎಳೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಳಗೆ ಮೂಳೆ ಮುರಿದಿದೆಯಾ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಮುರಿದಿದ್ದನ್ನು ಎಳೆದರೆ ಸಣ್ಣ ಬಿರುಕು ದೊಡ್ಡ ಮುರಿತವಾಗಬಹುದು, ನರಕ್ಕೆ ರಕ್ತನಾಳಕ್ಕೆ ಪೆಟ್ಟಾಗಬಹುದು. ಕೈ ಹೇಗಿದೆಯೋ ಹಾಗೇ ಆನಿಸಿಕೊಂಡು ಆಸ್ಪತ್ರೆಗೆ ಹೋಗುವುದೇ ಸರಿ. ಆದಷ್ಟು ಬೇಗ ಹೋಗಬೇಕು, ಹೊತ್ತು ಕಳೆದಷ್ಟೂ ಕೂರಿಸುವುದು ಕಷ್ಟ.

ಈಗ ಒಳಗೆ ಏನಾಗಿದೆ ಅಂತ ನೋಡೋಣ. ಅದು ಅರ್ಥವಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಸೊಂಟದ ಕೀಲು ಆಳವಾದ ಬಟ್ಟಲಿನಲ್ಲಿ ಕೂತ ಚೆಂಡಿನ ಹಾಗೆ. ಭುಜ ಹಾಗಲ್ಲ. ಚಿಕ್ಕ ತಟ್ಟೆಗೆ ಒರಗಿಸಿಟ್ಟ ದೊಡ್ಡ ಚೆಂಡಿನ ಹಾಗೆ. ಯಾವುದೇ ಹೊತ್ತಿನಲ್ಲಿ ಚೆಂಡಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆ ತಟ್ಟೆಗೆ ತಾಗಿರುವುದಿಲ್ಲ. ಕೈ ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ. ದೊಡ್ಡ ಕೀಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಭುಜವೇ ಆಗಿರುವುದಕ್ಕೂ ಇದೇ ಕಾರಣ. ಚೆಂಡನ್ನು ತಟ್ಟೆಯ ಮೇಲೆ ಹಿಡಿದಿಡುವ ಕೆಲಸ ಎರಡು ತಂಡಗಳದ್ದು. ಒಂದು ತಂಡ, ತಟ್ಟೆಯ ಅಂಚಿನ ಸುತ್ತ ಇರುವ ರಬ್ಬರ್ ಬಳೆಯಂಥ ಲೇಬ್ರಮ್ ಮತ್ತು ಅದಕ್ಕೆ ಅಂಟಿಕೊಂಡ ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಗಟ್ಟಿ ಪಟ್ಟಿಗಳು. ಇನ್ನೊಂದು ತಂಡ ಸ್ನಾಯುಗಳು. ಚೆಂಡಿಗೆ ಹತ್ತಿರದಲ್ಲೇ ಅಂಟಿಕೊಂಡು ಅದನ್ನು ತಟ್ಟೆಯ ನಡುವಿಗೆ ಒತ್ತಿ ಹಿಡಿಯುವ ನಾಲ್ಕು ರೊಟೇಟರ್ ಕಫ್ ಸ್ನಾಯುಗಳು ಮತ್ತು ತಟ್ಟೆಯನ್ನೇ ಹೊತ್ತಿರುವ ಹೆಗಲಿನ ಹಲಗೆ ಮೂಳೆಯನ್ನು ಸರಿಯಾದ ಕೋನದಲ್ಲಿ ತಿರುಗಿಸುವ ಬೆನ್ನಿನ, ಪಕ್ಕೆಯ ಸ್ನಾಯುಗಳು.

ನಿಮ್ಮ ಭುಜ ಮುಂದಕ್ಕೆ ಜಾರಿದೆ. 100ರಲ್ಲಿ ಸುಮಾರು 95 ಭುಜಗಳು ಹಾಗೇ ಜಾರುತ್ತವೆ. ಜಾರುವಾಗ ತಟ್ಟೆಯ ಮುಂದಿನ ಅಂಚಿನಿಂದ ಆ ರಬ್ಬರ್ ಬಳೆ ಕಿತ್ತುಬರುತ್ತದೆ. ಇದನ್ನು ಬ್ಯಾಂಕಾರ್ಟ್ ಗಾಯ ಅನ್ನುತ್ತಾರೆ. 1923ರಲ್ಲಿ ಬ್ರಿಟನ್ನಿನ ಬ್ಯಾಂಕಾರ್ಟ್ ಅನ್ನುವ ಸರ್ಜನ್ ಇದರ ಬಗ್ಗೆ ಬರೆದಿದ್ದರಿಂದ ಆ ಹೆಸರು. ಚೆಂಡಿನ ಹಿಂಭಾಗ ತಟ್ಟೆಯ ಅಂಚಿಗೆ ಬಡಿದು ಒಂದು ತಗ್ಗು ಬೀಳುವುದೂ ಉಂಟು. ಅದಕ್ಕೆ ಹಿಲ್-ಸ್ಯಾಕ್ಸ್ ತಗ್ಗು ಅಂತ ಹೆಸರು. ನಾಳೆ ನಿಮ್ಮ ಎಂಆರ್‌ಐ ವರದಿಯಲ್ಲಿ ಈ ಎರಡು ಹೆಸರು ಕಂಡರೆ ಗಾಬರಿಯಾಗಬೇಡಿ. ಪೆಟ್ಟು ಬಿದ್ದು ಕೀಲು ತಪ್ಪಿದವರಲ್ಲಿ ಇವು ಇರುವುದೇ ಸಾಮಾನ್ಯ. ಇವೆ ಅನ್ನುವುದೊಂದೇ ಆಪರೇಷನ್‌ಗೆ ಕಾರಣವಾಗುವುದಿಲ್ಲ. ಎಷ್ಟು ದೊಡ್ಡದಿವೆ, ಯಾರ ಭುಜದಲ್ಲಿವೆ ಅನ್ನುವುದು ಮುಖ್ಯ.

ಇಲ್ಲಿ ನಿಮಗೆ ಒಂದು ಮಾತು ನೇರವಾಗಿ ಹೇಳಿಬಿಡಬೇಕು. ವ್ಯಾಯಾಮ ಹರಿದ ಬಳೆಯನ್ನು ಹೊಲಿಯುವುದಿಲ್ಲ. ಯಾವ ಸ್ಲಿಂಗೂ ಅದನ್ನು ಖಂಡಿತ ಮೊದಲಿನ ಜಾಗಕ್ಕೇ ಅಂಟಿಸುತ್ತದೆ ಅಂತ ಭರವಸೆ ಕೊಡಲಾಗದು. ಅದು ತನ್ನಷ್ಟಕ್ಕೆ ಎಲ್ಲೋ ಒಂದು ಕಡೆ ಕೂಡಿಕೊಳ್ಳುತ್ತದೆ, ಸ್ವಲ್ಪ ಕೆಳಗೆ, ಸ್ವಲ್ಪ ಸಡಿಲವಾಗಿ. ಆಪರೇಷನ್ ಇಲ್ಲದ ಚಿಕಿತ್ಸೆಯಲ್ಲಿ ನಾವು ಮಾಡುವುದು ಇಷ್ಟೇ: ಮೊದಲ ತಂಡ ಬಲ ಕಳೆದುಕೊಂಡಿದೆ, ಎರಡನೇ ತಂಡಕ್ಕೆ ಅದರ ಕೆಲಸವನ್ನೂ ಕಲಿಸುವುದು.

ಅದು ಎಷ್ಟು ಜನರಲ್ಲಿ ಸಾಕಾಗುತ್ತದೆ? ಎಡಿನ್‌ಬರೋದಲ್ಲಿ ಮೊದಲ ಸಲ ಕೀಲು ತಪ್ಪಿದ 15ರಿಂದ 35 ವರ್ಷದ 252 ಜನರನ್ನು ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದ ಇವರಲ್ಲಿ ಎರಡು ವರ್ಷದೊಳಗೆ ಶೇಕಡಾ 56ರಷ್ಟು ಜನರ ಭುಜ ಮತ್ತೆ ಅಭದ್ರವಾಯಿತು. ಐದು ವರ್ಷಕ್ಕೆ ಅದು ಶೇಕಡಾ 67ಕ್ಕೆ ಏರಿತು. ಈ ಅಂಕಿ ನೋಡಿದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆದರೆ ಅದರೊಳಗೆ ಯಾರಿದ್ದಾರೆ ನೋಡಿ. ಅಪಾಯ ಅತಿ ಹೆಚ್ಚು ಇದ್ದದ್ದು ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗರಿಗೆ. ವಯಸ್ಸು ಏರಿದಂತೆ ಅಪಾಯ ಇಳಿಯುತ್ತದೆ, ಹೆಂಗಸರಲ್ಲಿ ಇನ್ನೂ ಕಡಿಮೆ. ನಿಮಗೆ 34, ಮೊದಲ ಸಲ, ಮೂಳೆ ಮುರಿದಿಲ್ಲ, ಮೈಗೆ ಮೈ ತಾಗಿಸಿ ಆಡುವ ಆಟವೂ ಇಲ್ಲ. ಅದೇ ಎಡಿನ್‌ಬರೋ ಪಟ್ಟಿಯಲ್ಲಿ ನಿಮ್ಮ ಜಾಗ ಒಳ್ಳೆಯ ಕಡೆಯ ತುದಿಯಲ್ಲಿದೆ.

ಸ್ವೀಡನ್ನಿನ ಹೊವೇಲಿಯಸ್ ಮತ್ತು ಸಂಗಡಿಗರು ಇಂಥದೇ ರೋಗಿಗಳನ್ನು 25 ವರ್ಷ ಹಿಂಬಾಲಿಸಿದರು. ಇಷ್ಟು ತಾಳ್ಮೆಯ ಕೆಲಸ ನಮ್ಮ ಕ್ಷೇತ್ರದಲ್ಲಿ ಅಪರೂಪ, ಅದಕ್ಕೇ ನನಗೆ ಅದರ ಮೇಲೆ ಬಹಳ ಗೌರವ. 12ರಿಂದ 25 ವರ್ಷದ ಒಳಗೆ ಮೊದಲ ಸಲ ಕೀಲು ತಪ್ಪಿಸಿಕೊಂಡು, ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದವರಲ್ಲೂ ಅರ್ಧದಷ್ಟು ಭುಜಗಳು ಮತ್ತೆ ತಪ್ಪಲೇ ಇಲ್ಲ, ಅಥವಾ ಕಾಲ ಕಳೆದಂತೆ ತಾವಾಗಿ ಭದ್ರವಾದವು. ಅತಿ ಹೆಚ್ಚು ಅಪಾಯದ ವಯಸ್ಸಿನಲ್ಲೇ ಹೀಗೆ. ಎಲ್ಲರಿಗೂ ಮೊದಲ ಸಲವೇ ಆಪರೇಷನ್ ಮಾಡಿದರೆ, ಅದರ ಅಗತ್ಯವೇ ಇಲ್ಲದ ಬಹಳಷ್ಟು ಜನರನ್ನೂ ಕೊಯ್ದಂತಾಗುತ್ತದೆ.

ಅದೇ ಅಧ್ಯಯನದಿಂದ ಸ್ಲಿಂಗ್ ಬಗ್ಗೆಯೂ ಒಂದು ಪಾಠ ಸಿಕ್ಕಿತು. ಮೂರು ನಾಲ್ಕು ವಾರ ಕಟ್ಟಿಟ್ಟವರಿಗೂ, ನೋವು ತಗ್ಗಿದ ಕೂಡಲೇ ಕೈ ಆಡಿಸಲು ಶುರುಮಾಡಿದವರಿಗೂ ಮತ್ತೆ ಕೀಲು ತಪ್ಪುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಬಂದ ವಿಶ್ಲೇಷಣೆಗಳೂ ಒಂದು ವಾರಕ್ಕಿಂತ ಜಾಸ್ತಿ ಕಟ್ಟಿಡುವುದರಿಂದ ಲಾಭ ತೋರಿಸಿಲ್ಲ. ಜಪಾನಿನ ಇಟೊಯಿ ಇನ್ನೊಂದು ದಾರಿ ಹುಡುಕಿದರು. ಎಂಆರ್‌ಐ ತೆಗೆದು ನೋಡಿದಾಗ, ಕೈಯನ್ನು ಹೊಟ್ಟೆಗೆ ಅಂಟಿಸಿಟ್ಟರೆ ಹರಿದ ಬಳೆ ಮೂಳೆಯಿಂದ ದೂರ ನಿಲ್ಲುತ್ತದೆ, ಮುಂಗೈಯನ್ನು ಹೊರಕ್ಕೆ ತಿರುಗಿಸಿಟ್ಟರೆ ಹತ್ತಿರ ಬರುತ್ತದೆ ಅಂತ ಕಂಡಿತು. 2007ರಲ್ಲಿ ಅವರ ಪ್ರಯೋಗದಲ್ಲಿ ಫಲಿತಾಂಶವೂ ಚೆನ್ನಾಗಿತ್ತು. ಯೋಚನೆ ನಿಜಕ್ಕೂ ಸುಂದರ. ಆದರೆ ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಮತ್ತೆ ಮತ್ತೆ ಸಿಗಲಿಲ್ಲ. ಕೈ ಹೊರಗೆ ಚಾಚಿಕೊಂಡು ಮೂರು ವಾರ ಓಡಾಡುವುದೂ ಸುಲಭವಲ್ಲ. ಹಾಗಾಗಿ ನಾನು ಸಾಮಾನ್ಯ ಸ್ಲಿಂಗನ್ನೇ ಕೊಡುತ್ತೇನೆ. ಅದು ಕೊಡುವುದು ಆರಾಮ, ಅಷ್ಟೇ. ಕೀಲನ್ನು ಗುಣ ಮಾಡುವುದು ಅದಲ್ಲ.

ನಿಮಗೆ 12 ದಿನ ಆಗಿದೆ. ನಿಮ್ಮ ಡಾಕ್ಟರು ಬೇರೆ ಕಾರಣ ಹೇಳದಿದ್ದರೆ ಮನೆಯೊಳಗೆ ಸ್ಲಿಂಗ್ ಬಿಚ್ಚಲು ಶುರುಮಾಡಬಹುದು. ಜನಸಂದಣಿಯಲ್ಲಿ ಹೋಗುವಾಗ ಇನ್ನೊಂದು ವಾರ ಹಾಕಿಕೊಳ್ಳಿ, ಯಾರೂ ಕೈ ಎಳೆಯದಿರಲಿ ಅನ್ನುವುದಕ್ಕೆ. ರಾತ್ರಿ ಚಪ್ಪಟೆ ಮಲಗಿದರೆ ತೋಳು ಹಿಂದಕ್ಕೆ ಬಿದ್ದು ನೋವಾಗುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಒರಗಿ ಮಲಗಿ, ಮೊಣಕೈ ಕೆಳಗೊಂದು ದಿಂಬು ಇಡಿ. ಬಟ್ಟೆ ಹಾಕುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಕಂಕುಳು ತೊಳೆಯಲು ಕೈ ಎತ್ತಬೇಡಿ. ಸೊಂಟ ಬಗ್ಗಿಸಿ ಮುಂದಕ್ಕೆ ಬಾಗಿದರೆ ತೋಳು ತಾನಾಗಿ ಜೋತು ಜಾಗ ಬಿಡುತ್ತದೆ. ನೋವಿದ್ದಾಗ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ. ಮಾತ್ರೆ ಬೇಕಾದರೆ ಪ್ಯಾರಾಸಿಟಮಾಲ್ ಮೊದಲು. ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಭುಜವನ್ನು ಯಾರ ಕೈಯಲ್ಲೂ ಜೋರಾಗಿ ತಿಕ್ಕಿಸಿಕೊಳ್ಳಬೇಡಿ, ತಿರುಚಿಸಿಕೊಳ್ಳಬೇಡಿ.

ಒಂದು ಭಂಗಿಯನ್ನು ಮಾತ್ರ ಮೊದಲ ಆರು ವಾರ ಪೂರ್ತಿ ಬಿಡಬೇಕು. ಕೈಯನ್ನು ಪಕ್ಕಕ್ಕೆ ಭುಜದ ಎತ್ತರಕ್ಕೆ ಎತ್ತಿ, ಮುಂಗೈಯನ್ನು ಹಿಂದಕ್ಕೆ ತಿರುಗಿಸುವುದು. ಚೆಂಡು ಎಸೆಯಲು ಕೈ ಹಿಂದಕ್ಕೆ ಒಯ್ಯುವ ಭಂಗಿ. ಕೀಲು ತಪ್ಪುವುದು ಅಲ್ಲೇ. ದಿನನಿತ್ಯದಲ್ಲಿ ಇದು ಗೊತ್ತಿಲ್ಲದೆ ನುಸುಳುತ್ತದೆ. ಕಾರಿನ ಹಿಂದಿನ ಸೀಟಿನಿಂದ ಚೀಲ ಎತ್ತಿಕೊಳ್ಳುವಾಗ, ತಲೆಯ ಹಿಂದೆ ಕೈ ಕಟ್ಟಿ ಮಲಗುವಾಗ, ಜಾಕೆಟ್‌ನ ತೋಳಿಗೆ ಹಿಂದಿನಿಂದ ಕೈ ತೂರಿಸುವಾಗ. ಈ ಮೂರನ್ನು ನೆನಪಿಡಿ.

ಇನ್ನು ವ್ಯಾಯಾಮ. ಇವತ್ತಿನಿಂದಲೇ ಬೆರಳು, ಮಣಿಕಟ್ಟು, ಮೊಣಕೈ ದಿನಕ್ಕೆ ನಾಲ್ಕೈದು ಸಲ ಪೂರ್ತಿ ಮಡಚಿ ಬಿಡಿಸಿ. ಮೇಜಿನ ಮೇಲೆ ಎಡಗೈ ಊರಿ, ಮುಂದಕ್ಕೆ ಬಾಗಿ, ಬಲಗೈಯನ್ನು ಸಡಿಲವಾಗಿ ಜೋತುಬಿಟ್ಟು ಮೆಲ್ಲಗೆ ತೂಗಿ. ಕೈಯಿಂದ ತೂಗಬೇಡಿ, ಮೈಯನ್ನು ಸ್ವಲ್ಪ ಅಲ್ಲಾಡಿಸಿದರೆ ಕೈ ತಾನೇ ತೂಗುತ್ತದೆ. ಬೆನ್ನ ಹಿಂದೆ ಎರಡೂ ಹಲಗೆ ಮೂಳೆಗಳನ್ನು ಹತ್ತಿರ ತಂದು ಐದು ಸೆಕೆಂಡು ಹಿಡಿದು ಬಿಡಿ. ಆಮೇಲೆ ಗೋಡೆಯ ಹತ್ತಿರ ನಿಂತು, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು, ಹಸ್ತವನ್ನು ಒಳಕ್ಕೆ ಒಮ್ಮೆ, ಹೊರಕ್ಕೆ ಒಮ್ಮೆ ಒತ್ತಿ. ನಿಮ್ಮ ಶಕ್ತಿಯ ಕಾಲು ಭಾಗ ಸಾಕು. ಕೈ ಅಲ್ಲಾಡದಿದ್ದರೂ ರೊಟೇಟರ್ ಕಫ್ ಎಚ್ಚರಗೊಳ್ಳುತ್ತದೆ. ಹತ್ತು ಸಲ ಮಾಡಿ ನಿಲ್ಲಿಸಿ.

ಮೂರನೇ ವಾರದಿಂದ ಕೈ ಮೇಲೆತ್ತುವ ಕೆಲಸ. ಮೊದಲು ಮೇಜಿನ ಮೇಲೆ ಬಟ್ಟೆ ಇಟ್ಟು ಅದರ ಮೇಲೆ ಕೈ ಜಾರಿಸುವುದು, ಆಮೇಲೆ ಕೋಲು ಹಿಡಿದು ಎಡಗೈಯ ಸಹಾಯದಿಂದ ಬಲಗೈಯನ್ನು ಮುಂದಿನಿಂದ ಎತ್ತುವುದು. ಪಕ್ಕದಿಂದ ಎತ್ತುವ ಅವಸರ ಬೇಡ. ಕೈಯನ್ನು ಮುಂದಿನಿಂದ ಎತ್ತಿದಾಗ ಭುಜಕ್ಕೆ ಭದ್ರತೆ ಹೆಚ್ಚು. ಸುಮಾರು ಆರನೇ ವಾರದ ಹೊತ್ತಿಗೆ ತಲೆಯ ಮೇಲೆ ಕೈ ಹೋಗುತ್ತಿರಬೇಕು. ಅಲ್ಲಿಗೆ ಅರ್ಧ ಜನ ವ್ಯಾಯಾಮ ನಿಲ್ಲಿಸಿಬಿಡುತ್ತಾರೆ. ನೋವಿಲ್ಲ, ಕೈ ಮೇಲೆ ಹೋಗುತ್ತದೆ, ಇನ್ನೇನು ಅಂತ. ನಿಜವಾದ ಚಿಕಿತ್ಸೆ ಶುರುವಾಗುವುದೇ ಆವಾಗ. ಕೈ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕಿಂತ, ಹೋದ ಜಾಗದಲ್ಲಿ ಚೆಂಡನ್ನು ಯಾರು ಹಿಡಿದಿದ್ದಾರೆ ಅನ್ನುವುದು ಮುಖ್ಯ.

ಆರರಿಂದ ಹನ್ನೆರಡನೇ ವಾರದವರೆಗೆ ರಬ್ಬರ್ ಬ್ಯಾಂಡ್ ನಿಮ್ಮ ಸಂಗಾತಿ. ಬಾಗಿಲ ಹಿಡಿಗೆ ಬ್ಯಾಂಡ್ ಕಟ್ಟಿ, ಕಂಕುಳಿನಲ್ಲಿ ಸುತ್ತಿದ ಟವೆಲ್ ಇಟ್ಟುಕೊಂಡು, ಮುಂಗೈಯನ್ನು ಒಳಕ್ಕೆ, ಹೊರಕ್ಕೆ ಎಳೆಯುವುದು. ಎರಡೂ ಕೈಯಲ್ಲಿ ಬ್ಯಾಂಡನ್ನು ಹೊಟ್ಟೆಯ ಕಡೆ ಎಳೆದು ಹಲಗೆ ಮೂಳೆ ಹಿಂಡುವುದು. ಗೋಡೆಗೆ ಕೈ ಊರಿ ಪುಷ್-ಅಪ್ ಮಾಡಿ, ಕೊನೆಯಲ್ಲಿ ಬೆನ್ನನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಉಬ್ಬಿಸುವುದು. ಈ ಕೊನೆಯ ಅರ್ಧ ಅಂಗುಲವೇ ಪಕ್ಕೆಯ ಸೆರೇಟಸ್ ಸ್ನಾಯುವಿನ ಕೆಲಸ, ಅದನ್ನು ಬಿಟ್ಟರೆ ಪುಷ್-ಅಪ್ ಮಾಡಿ ಪ್ರಯೋಜನ ಅರ್ಧ. ಭಾರ ನಿಧಾನವಾಗಿ ಏರಲಿ. ಮರುದಿನ ಬೆಳಿಗ್ಗೆ ನೋವು ಹೆಚ್ಚಾಗಿದ್ದರೆ ಹಿಂದಿನ ದಿನ ಜಾಸ್ತಿ ಮಾಡಿದ್ದೀರಿ ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ.

ಬಲದ ಜೊತೆಗೆ ಇನ್ನೊಂದು ಇದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ. ಕಣ್ಣು ಮುಚ್ಚಿದರೂ ನಿಮ್ಮ ಕೈ ಎಲ್ಲಿದೆ ಅಂತ ನಿಮಗೆ ಗೊತ್ತಿರುತ್ತದೆ. ಆ ಅರಿವನ್ನು ಮಿದುಳಿಗೆ ಕಳಿಸುವ ನರತುದಿಗಳು ಲಿಗಮೆಂಟುಗಳಲ್ಲೂ ಇವೆ, ಲಿಗಮೆಂಟು ಹರಿದಾಗ ಅವೂ ಹಾಳಾಗುತ್ತವೆ. ಆಗ ಸ್ನಾಯು ಬಲವಾಗಿದ್ದರೂ ತಡವಾಗಿ ಬಿಗಿಯುತ್ತದೆ. ಕೀಲು ಜಾರಲು ಕ್ಷಣ ಸಾಕು. ಅದಕ್ಕೇ ಗೋಡೆಯ ಮೇಲೆ ಚೆಂಡನ್ನು ಅಂಗೈಯಲ್ಲಿ ಒತ್ತಿ ಹಿಡಿದು ಸಣ್ಣ ಸುತ್ತು ತಿರುಗಿಸುವುದು, ಕಣ್ಣು ಮುಚ್ಚಿ ಕೈಯನ್ನು ಒಂದು ಗುರುತಿಗೆ ತರುವುದು, ಫಿಸಿಯೋಥೆರಪಿಸ್ಟ್ ನಿಮ್ಮ ಕೈಯನ್ನು ಹೇಳದೆ ಮೆಲ್ಲಗೆ ಅತ್ತಿತ್ತ ತಳ್ಳುವಾಗ ಅಲುಗಾಡದೆ ನಿಲ್ಲುವುದು, ಇವನ್ನೆಲ್ಲ ಮಾಡಿಸುತ್ತಾರೆ. ನೋಡಲು ಮಕ್ಕಳಾಟದ ಹಾಗಿರುತ್ತದೆ. ಬಿಡಬೇಡಿ.

ಫಿಸಿಯೋಥೆರಪಿಗೆ ಎಷ್ಟು ಸಲ ಹೋಗಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಮೊದಲ ಸಲ ಕೀಲು ತಪ್ಪಿದ 482 ಜನರ ಮೇಲೆ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಒಮ್ಮೆ ಕೂರಿಸಿ ಎಲ್ಲವನ್ನೂ ತಿಳಿಸಿ, ಮನೆಯಲ್ಲಿ ಮಾಡಲು ಮಾಹಿತಿ ಕೊಟ್ಟು, ತೊಂದರೆಯಾದರೆ ಬನ್ನಿ ಅಂದರು. ಇನ್ನರ್ಧ ಜನರಿಗೆ ಅದರ ಮೇಲೆ ಫಿಸಿಯೋಥೆರಪಿಯನ್ನೂ ಕೊಟ್ಟರು. ಆರು ತಿಂಗಳಿಗೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಕಡೆ ಇದ್ದವು. ಡೆನ್ಮಾರ್ಕ್‌ನ 56 ಜನರ ಒಂದು ಚಿಕ್ಕ ಪ್ರಯೋಗದಲ್ಲಿ ಮಾತ್ರ, 12 ವಾರ ಮೇಲ್ವಿಚಾರಣೆಯಲ್ಲಿ ನರ-ಸ್ನಾಯು ಹೊಂದಾಣಿಕೆಯ ವ್ಯಾಯಾಮ ಮಾಡಿದವರು ಮನೆಯಲ್ಲೇ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಮುಂದಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ನನಗೆ ಅನಿಸುವುದು ಇದು: ಎಲ್ಲರೂ ವಾರಕ್ಕೆ ಮೂರು ಸಲ ಕ್ಲಿನಿಕ್‌ಗೆ ಹೋಗಬೇಕಾಗಿಲ್ಲ. ಒಮ್ಮೆ ಸರಿಯಾಗಿ ಕಲಿಯಿರಿ, ಮನೆಯಲ್ಲಿ ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ತೋರಿಸಿ ಮುಂದಿನ ಹಂತ ಕೇಳಿಕೊಳ್ಳಿ. ಭಯ ಹೋಗದವರು, ಕೈ ಮೇಲೆ ಹೋಗದವರು, ಆಟಕ್ಕೆ ಮರಳಬೇಕಾದವರು ಮಾತ್ರ ಹೆಚ್ಚು ಸಲ ಹೋಗಲಿ. ಬರೀ ಶಾಖ, ಕರೆಂಟು ಕೊಟ್ಟು ಕಳಿಸುವ ಕಡೆ ಹೋದರೆ ಇದ್ಯಾವುದೂ ಸಿಗುವುದಿಲ್ಲ.

ನೀವೊಂದು ವಿಷಯ ನೋಡಿಕೊಳ್ಳಿ. ನಿಮ್ಮ ಹೆಬ್ಬೆರಳು ಬಗ್ಗಿಸಿದರೆ ಮುಂಗೈಗೆ ತಾಗುತ್ತಾ? ಮೊಣಕೈ, ಮಂಡಿ ಹಿಂದಕ್ಕೆ ಬಾಗುತ್ತವಾ? ಹಾಗಿದ್ದರೆ ನಿಮ್ಮ ಕೀಲುಗಳೇ ಹುಟ್ಟಿನಿಂದ ಸಡಿಲ. ಮತ್ತೆ ತಪ್ಪುವ ಅಪಾಯ ಸ್ವಲ್ಪ ಹೆಚ್ಚು, ವ್ಯಾಯಾಮಕ್ಕೆ ಇನ್ನೂ ಹೆಚ್ಚು ಕಾಲ ಕೊಡಬೇಕು. ಪೆಟ್ಟೇ ಬೀಳದೆ ಭುಜ ಜಾರುವವರೂ ಇದ್ದಾರೆ, ಅವರಿಗಂತೂ ವ್ಯಾಯಾಮವೇ ಮೊದಲ ಮದ್ದು. 1992ರಲ್ಲಿ ಬರ್ಕ್‌ಹೆಡ್ ಮತ್ತು ರಾಕ್‌ವುಡ್ ಪ್ರಕಟಿಸಿದ ಲೆಕ್ಕದಲ್ಲಿ, ಪೆಟ್ಟಿಲ್ಲದೆ ಸಡಿಲವಾದ 66 ಭುಜಗಳಲ್ಲಿ ಶೇಕಡಾ 80 ವ್ಯಾಯಾಮದಿಂದಲೇ ಚೆನ್ನಾದವು. ಪೆಟ್ಟಿನಿಂದ ಸಡಿಲವಾದ 74 ಭುಜಗಳಲ್ಲಿ ಚೆನ್ನಾಗಿದ್ದು ಶೇಕಡಾ 16 ಮಾತ್ರ. ನಾನು ಮೊದಲೇ ಹೇಳಿದ ಮಾತಿಗೆ ಇದೇ ಸಾಕ್ಷಿ. ಹರಿದ ಬಳೆ ಮತ್ತೆ ಮತ್ತೆ ತೊಂದರೆ ಕೊಡಲು ಶುರುಮಾಡಿದ ಮೇಲೆ ವ್ಯಾಯಾಮಕ್ಕೆ ಒಂದು ಮಿತಿ ಇದೆ. ನಿಮ್ಮ ಭುಜ ಇನ್ನೂ ಆ ಹಂತಕ್ಕೆ ಹೋಗಿಲ್ಲ. ಹೋಗದಂತೆ ನೋಡಿಕೊಳ್ಳುವ ಅವಕಾಶ ಈಗಿರುವುದು.

ಹಾಗಾದರೆ ಯಾವಾಗ ಆಪರೇಷನ್? ಮೂರು ತಿಂಗಳು ಪ್ರಾಮಾಣಿಕವಾಗಿ ವ್ಯಾಯಾಮ ಮಾಡಿಯೂ, ಕೈ ಎತ್ತಿ ಹಿಂದೆ ತಿರುಗಿಸಿದ ಕೂಡಲೇ ಭುಜ ಈಗ ಹೋಗುತ್ತದೆ ಅನ್ನುವ ಹೆದರಿಕೆ ಹಾಗೇ ಉಳಿದರೆ. ಮತ್ತೊಮ್ಮೆ ಕೀಲು ತಪ್ಪಿದರೆ. ತಟ್ಟೆಯ ಅಂಚಿನ ಮೂಳೆಯೇ ದೊಡ್ಡದಾಗಿ ಒಡೆದಿದೆ ಅಂತ ಸ್ಕ್ಯಾನ್‌ನಲ್ಲಿ ಕಂಡರೆ. ಕೂರಿಸಿದ ಕೀಲು ನಿಲ್ಲದಿದ್ದರೆ. ನಿಮಗೆ 19 ವರ್ಷವಾಗಿದ್ದು, ಕಬಡ್ಡಿಯೋ ರಗ್ಬಿಯೋ ಆಡುವ ಹುಡುಗನಾಗಿದ್ದರೆ ನಾನು ಮೊದಲ ಸಲವೇ ಆಪರೇಷನ್ ಮಾತು ಎತ್ತುತ್ತಿದ್ದೆ. ಅಮೆರಿಕದಲ್ಲಿ ಕಾಲೇಜು ಮಟ್ಟದ ಅಂಥ 45 ಆಟಗಾರರನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ವರದಿ ಇದೆ. 33 ಜನ ಅದೇ ಸೀಸನ್‌ನಲ್ಲಿ ಆಟಕ್ಕೆ ಮರಳಿದರು. ಅವರಲ್ಲಿ ಮತ್ತೆ ತೊಂದರೆಯಾಗದೆ ಸೀಸನ್ ಮುಗಿಸಿದವರು 12 ಜನ ಮಾತ್ರ. ನಿಮಗೆ ಆಪರೇಷನ್ ಹೇಳಿದ ಡಾಕ್ಟರು ನಿಮ್ಮ ಸ್ಕ್ಯಾನ್‌ನಲ್ಲಿ ಏನಾದರೂ ನೋಡಿ ಹೇಳಿರಬಹುದು. ಕಾರಣ ಏನು ಅಂತ ಸಂಕೋಚ ಬಿಟ್ಟು ಕೇಳಿ. ಮೂಳೆಯ ಚೂರು ಅಂದರೆ ನನ್ನ ಸಲಹೆಯೂ ಬದಲಾಗುತ್ತದೆ. ಮುಂದೆ ತಪ್ಪಬಹುದು ಅನ್ನುವುದಷ್ಟೇ ಕಾರಣವಾದರೆ ನೀವು ಕಾಯಬಹುದು.

ಒಂದು ಸಲ ತಪ್ಪಿದ್ದಕ್ಕೆ ಕಾಯುವುದು ಸರಿ. ಎರಡು, ಮೂರು, ನಾಲ್ಕು ಸಲ ತಪ್ಪಿಸಿಕೊಂಡು, ಪ್ರತಿಸಲ ಕೂರಿಸಿಕೊಂಡು ಬರುವುದು ಸರಿಯಲ್ಲ. ಪ್ರತಿಸಲವೂ ಒಳಗೆ ಮೂಳೆ, ಮೃದ್ವಸ್ಥಿ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಮೊದಲಿಗೆ ಸಣ್ಣ ಆಪರೇಷನ್‌ನಲ್ಲಿ ಮುಗಿಯುತ್ತಿದ್ದದ್ದು ಆಮೇಲೆ ಮೂಳೆ ತಂದು ಕೂಡಿಸುವ ದೊಡ್ಡ ಆಪರೇಷನ್ ಆಗುತ್ತದೆ.

ಇದನ್ನು ಓದುವ ಹಿರಿಯರಿಗೂ ಒಂದು ಮಾತು. 40 ದಾಟಿದವರಲ್ಲಿ ಕೀಲು ಮತ್ತೆ ತಪ್ಪುವುದು ಕಡಿಮೆ, ಆದರೆ ರೊಟೇಟರ್ ಕಫ್ ಹರಿಯುವುದು ಜಾಸ್ತಿ. ಅವರಿಗೆ ಸ್ಲಿಂಗ್ ಒಂದು ವಾರ ಸಾಕು, ಇಲ್ಲದಿದ್ದರೆ ಭುಜ ಗಡಸಾಗುತ್ತದೆ. ಎರಡು ವಾರವಾದರೂ ಕೈ ಎತ್ತಲು ಬಾರದಿದ್ದರೆ ಪೆಟ್ಟಿನ ನೋವು ಅಂತ ಸುಮ್ಮನಿರಬೇಡಿ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ. ಹರಿದ ಸ್ನಾಯುವನ್ನು ತಡಮಾಡಿದಷ್ಟೂ ಹೊಲಿಯುವುದು ಕಷ್ಟ. ಫಿಟ್ಸ್ ಬಂದು ಅಥವಾ ಕರೆಂಟ್ ಹೊಡೆದು ಭುಜ ನೋವಾದವರಲ್ಲಿ ಕೀಲು ಹಿಂದಕ್ಕೆ ಜಾರಿರಬಹುದು. ಮುಂದಿನಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಅದು ಕಣ್ಣು ತಪ್ಪಿಸುತ್ತದೆ, ಪಕ್ಕದಿಂದಲೂ ತೆಗೆಸಬೇಕು.

ಕೊನೆಗೆ ನಿಮ್ಮ ಈಜು. ಹೌದು, ಈಜಬಹುದು. ಆರನೇ ವಾರದಲ್ಲಿ ಎದೆಮಟ್ಟದ ನೀರಿಗೆ ಇಳಿದು ಕೈಯನ್ನು ನೀರಿನಲ್ಲಿ ಆಡಿಸಿ. ನೀರು ಕೈಯ ಭಾರ ಹೊರುತ್ತದೆ, ಗೋಡೆಯ ಹತ್ತಿರ ಮಾಡುವುದಕ್ಕಿಂತ ನಿಮಗೆ ಖುಷಿಯೂ ಆಗುತ್ತದೆ. ನೋವಿಲ್ಲದಿದ್ದರೆ ಬ್ರೆಸ್ಟ್‌ಸ್ಟ್ರೋಕ್ ಮೊದಲು, ಕೈಗಳು ಎದೆಯ ಮುಂದೆಯೇ ಇರುತ್ತವೆ. ಫ್ರೀಸ್ಟೈಲ್‌ಗೆ ಹನ್ನೆರಡು ವಾರ ಕಾಯಿರಿ. ಅಷ್ಟೇ ಅಲ್ಲ, ಎರಡೂ ಕೈ ಒಂದೇ ಎತ್ತರಕ್ಕೆ ಹೋಗಬೇಕು, ಬಲಗೈಯ ಬಲ ಎಡಗೈಗೆ ಸರಿಸಮ ಅನ್ನುವಷ್ಟು ಬಂದಿರಬೇಕು, ಆ ಹೆದರಿಕೆ ಹೋಗಿರಬೇಕು. ಮೊದಲ ದಿನ ನಾಲ್ಕು ಸುತ್ತು ಸಾಕು. ದಣಿದ ಸ್ನಾಯು ಚೆಂಡನ್ನು ಹಿಡಿಯುವುದಿಲ್ಲ, ಆದ್ದರಿಂದ ಕೈ ಸೋತಿತು ಅನಿಸುವ ಮೊದಲೇ ಹೊರಗೆ ಬನ್ನಿ. ಬ್ಯಾಕ್‌ಸ್ಟ್ರೋಕ್ ಎಲ್ಲಕ್ಕಿಂತ ಕೊನೆಗೆ, ನಾಲ್ಕನೇ ಅಥವಾ ಐದನೇ ತಿಂಗಳಲ್ಲಿ, ನಿಮ್ಮ ಫಿಸಿಯೋಥೆರಪಿಸ್ಟ್ ಆ ಭಂಗಿಯಲ್ಲಿ ಭುಜ ಒತ್ತಿ ನೋಡಿ ಸರಿ ಅಂದ ಮೇಲೆ. ಪ್ರತಿ ಸುತ್ತಿನಲ್ಲೂ ಅದು ನಿಮ್ಮ ಕೈಯನ್ನು ಕೀಲು ತಪ್ಪಿದ ಭಂಗಿಯ ಹತ್ತಿರಕ್ಕೇ ಒಯ್ಯುತ್ತದೆ.